ಹಂಟಾ ವೈರಸ್‌ಗೆ ‘ಇಲಿಜ್ವರ’ ಅನ್ನಬಹುದೇ?

ಪ್ರಶ್ನೆ: ಅಮೆರಿಕದ ಕನ್ನಡಿಗರಿಗಾಗಿ ಇಲಿಗಳಿಂದ ಹರಡುವ ಹಂಟಾ ವೈರಸ್ ಬಗ್ಗೆ ಒಂದು ಪುಟದ ಕರಪತ್ರ ಸಿದ್ಧವಾಗುತ್ತಿದೆ. ‘ಇಲಿಜ್ವರ’ ಎಂದು ತಲೆಬರಹ ಕೊಟ್ಟರೆ ಆಗದೇ? ‘ರೋಡೆಂಟ್‌’ಗೆ ‘ದಂಶಕ’, ‘ಡ್ರಾಪಿಂಗ್ಸ್‌’ಗೆ ‘ಮಲ’, ‘ರಿಸರ್ವಾಯರ್‌’ಗೆ (ವೈರಸ್ ನೆಲೆಸಿರುವ ಪ್ರಾಣಿ) ‘ವಾಹಕ’ ಎಂದಿದ್ದೇವೆ. ‘ಇಲಿ ಓಡಾಡಿದ ಜಾಗ ಸ್ವಚ್ಛಗೊಳಿಸಿ’, ‘ಜ್ವರ ಬಂದರೆ ವೈದ್ಯರನ್ನು ಕಾಣಿ’ ಎಂಬ ಸಾಲುಗಳೂ ಇವೆ. ತಿದ್ದಿಕೊಡಿ.

ಉತ್ತರ: ‘ಇಲಿಜ್ವರ’ ಬೇಡವೇ ಬೇಡ. ನಮ್ಮಲ್ಲಿ ಆ ಹೆಸರು ಲೆಪ್ಟೊಸ್ಪೈರೋಸಿಸ್‌ಗೆ ಅಂಟಿಬಿಟ್ಟಿದೆ. ಅದು ಬ್ಯಾಕ್ಟೀರಿಯಾದ ಕಾಯಿಲೆ. ಇಲಿ ಉಚ್ಚೆ ಬೆರೆತ ಗದ್ದೆನೀರು ಕಾಲಿನ ಗಾಯಕ್ಕೆ ತಾಗಿ ಬರುತ್ತದೆ, ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್‌ಗೆ ಬಗ್ಗುತ್ತದೆ. ಹಂಟಾ ಹೆಚ್ಚಾಗಿ ಒಣ ದೂಳಿನ ಜೊತೆ ಮೂಗಿನಿಂದ ಒಳಹೋಗುತ್ತದೆ, ಆಂಟಿಬಯಾಟಿಕ್‌ಗೆ ಜಗ್ಗುವುದಿಲ್ಲ. ತಲೆಬರಹ ನೋಡಿದವರು ಗಂಬೂಟು ಹಾಕಿಕೊಂಡು ಕೈಗೆ ಪೊರಕೆ ತೆಗೆದುಕೊಂಡರೆ ಕೆಟ್ಟಿತು. ‘ಹಂಟಾ ವೈರಸ್’ ಎಂದೇ ಬಿಡಿ. ಅದು ಕೊರಿಯಾದ ಹಂಟಾನ್ ನದಿಯಿಂದ ಬಂದ ಹೆಸರು. 1993ರಲ್ಲಿ ಅಮೆರಿಕದ ನೈರುತ್ಯ ಭಾಗದಲ್ಲಿ ಕಾಣಿಸಿಕೊಂಡ ತಳಿಗೆ ಊರಿನ ಹೆಸರಿಡಲು ಸ್ಥಳೀಯರು ಒಪ್ಪದೆ, ಕೊನೆಗೆ ‘ಸಿನ್ ನೊಂಬ್ರೆ’, ಅಂದರೆ ‘ಹೆಸರಿಲ್ಲದ್ದು’, ಎಂದೇ ಕರೆದರು!

‘ದಂಶಕ’ ಪಠ್ಯಪುಸ್ತಕಕ್ಕೆ ಸರಿ. ಕರಪತ್ರದಲ್ಲಿ ‘ಕಚ್ಚಿದರೆ ಬರುವ ರೋಗ’ ಎಂಬ ಭಾವನೆ ಹುಟ್ಟಿಸುತ್ತದೆ. ಕಡಿತದಿಂದ ಬರುವುದು ಅಪರೂಪ. ‘ಇಲಿ’ ಸಾಕು, ಜೊತೆಗೆ ಗುರುತು ಕೊಡಿ: ಡೀರ್ ಮೌಸ್, ಬಿಳಿ ಹೊಟ್ಟೆ, ಬಿಳಿ ಪಾದ, ಮೇಲೆ ಕಂದು ಕೆಳಗೆ ಬಿಳಿ ಬಾಲ.

‘ವಾಹಕ’ ಸೊಳ್ಳೆ, ಉಣ್ಣೆಗಳಿಗೆ ಇರಲಿ. ಇಲ್ಲಿ ಪಾರಿಭಾಷಿಕ ಪದವೇ ಬೇಕಿಲ್ಲ: ‘ಇಲಿಗೆ ಕಾಯಿಲೆ ಕಾಣಿಸುವುದಿಲ್ಲ, ವೈರಸ್ ಅದರ ಮೈಯಲ್ಲೇ ಉಳಿದು ಉಚ್ಚೆ, ಹಿಕ್ಕೆ, ಜೊಲ್ಲಿನಲ್ಲಿ ಹೊರಬೀಳುತ್ತದೆ.’ ಹೌದು, ‘ಮಲ’ ಅಲ್ಲ, ‘ಹಿಕ್ಕೆ’. ಹುಡುಕಬೇಕಾದ್ದು ಏನೆಂದು ಆ ಪದ ಕೇಳಿದ ಕೂಡಲೇ ಗೊತ್ತಾಗುತ್ತದೆ.

ನನಗೆ ಹೆಚ್ಚು ಚಿಂತೆ ನಿಮ್ಮ ‘ಸ್ವಚ್ಛಗೊಳಿಸಿ’ ಬಗ್ಗೆ. ನಮ್ಮವರಿಗೆ ಸ್ವಚ್ಛ ಅಂದರೆ ಮೊದಲು ಗುಡಿಸುವುದು. ಗುಡಿಸಿದರೂ ವ್ಯಾಕ್ಯೂಮ್ ಹಾಕಿದರೂ ದೂಳು ಏಳುತ್ತದೆ. ಹೀಗೆ ಬರೆಯಿರಿ: ‘ಮುಚ್ಚಿದ್ದ ಗ್ಯಾರೇಜ್, ಕ್ಯಾಬಿನ್‌ಗಳ ಬಾಗಿಲು ಕಿಟಕಿ ತೆರೆದು 30 ನಿಮಿಷ ಹೊರಗಿರಿ. ರಬ್ಬರ್ ಕೈಗವಸು ಹಾಕಿ. ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ, ಹಿಕ್ಕೆ ಪೂರ್ತಿ ತೊಯ್ಯುವಂತೆ ಮೆಲ್ಲಗೆ ಹನಿಸಿ. 5 ನಿಮಿಷ ಬಿಟ್ಟು ಕಾಗದದಿಂದ ಒರೆಸಿ, ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿ. ಆಮೇಲೆ ನೆಲವನ್ನೂ ಅದೇ ದ್ರಾವಣದಿಂದ ಒರೆಸಿ.’ ದ್ರಾವಣ ಅಂದಂದೇ ಮಾಡಬೇಕು, ಇಟ್ಟರೆ ಸತ್ವ ಕಳೆದುಕೊಳ್ಳುತ್ತದೆ. ಬ್ಲೀಚ್‌ಗೆ ಅಮೋನಿಯಾ ಇರುವ ಕ್ಲೀನರ್ ಅಥವಾ ವಿನೆಗರ್ ಬೆರೆಸಿದರೆ ವಿಷಾನಿಲ ಬರುತ್ತದೆ. ಅದನ್ನು ದಪ್ಪಕ್ಷರದಲ್ಲಿ ಹಾಕಿ.

‘ಜ್ವರ ಬಂದರೆ ವೈದ್ಯರನ್ನು ಕಾಣಿ’ ಎಂಬ ಸಾಲೂ ಸಾಲದು. ಇಲಿಯ ಸಂಪರ್ಕವಾಗಿ 1ರಿಂದ 8 ವಾರದೊಳಗೆ ಜ್ವರ, ತೊಡೆ-ಸೊಂಟದ ನೋವು ಬಂದರೆ, ಉಸಿರು ಕಟ್ಟುವವರೆಗೆ ಕಾಯದೆ ಹೋಗಬೇಕು. ಉಸಿರಾಟದ ತೊಂದರೆ ಶುರುವಾದವರಲ್ಲಿ ಹತ್ತರಲ್ಲಿ ಸುಮಾರು ನಾಲ್ವರು ಉಳಿಯುವುದಿಲ್ಲ. ಶುರುವಿನಲ್ಲಿ ಇದು ಫ್ಲೂ ತರಹವೇ ಕಾಣುವುದರಿಂದ, ಇಲಿ ಹಿಕ್ಕೆ ತೆಗೆದ ವಿಷಯ ವೈದ್ಯರಿಗೆ ನೀವೇ ಹೇಳಿ ಎಂದು ಸೇರಿಸಿ.