ಮಡಗಾಸ್ಕರ್‌ನ ವೆನಿಲಾ ತೋಟದ ಅಧ್ಯಯನ: ನಮ್ಮ ಹಕ್ಕಲಿಗೂ ಹೊಂದುತ್ತಾ?

ಹಳ್ಳದಾಚೆ ತೋಟ, ಹಾನುಬಾಳು

ಎಲ್ಲರಿಗೂ ನಮಸ್ಕಾರ. ಸಕಲೇಶಪುರದಿಂದ ಹಾನುಬಾಳು ಕಡೆ ನಮ್ಮದೊಂದು ಸಣ್ಣ ತೋಟ ಇದೆ. ಆರೆಕರೆ ಕಾಫಿ, ಮರಕ್ಕೆ ಮೆಣಸು. ಪ್ರಶ್ನೆಗೆ ಮೊದಲು ಸ್ವಲ್ಪ ಹಳೇ ವಿಷಯ ಹೇಳಬೇಕು. ಇಲ್ಲದಿದ್ದರೆ ಸಕಲೇಶಪುರದವಳು ಮಡಗಾಸ್ಕರ್ ಬಗ್ಗೆ ಯಾಕೆ ಕೇಳುತ್ತಿದ್ದಾಳೆ ಅಂತ ಗೊತ್ತಾಗಲ್ಲ.

2002ರಲ್ಲಿ ನಾನು ಈ ಮನೆಗೆ ಸೊಸೆಯಾಗಿ ಬಂದೆ. ಅದೇ ಮಳೆಗಾಲದಲ್ಲಿ ಮಾವ ವೆನಿಲಾ ಬಳ್ಳಿ ತಂದು ಗೊಬ್ಬರದ ಗಿಡದ ಬುಡಕ್ಕೆ ನೆಟ್ಟರು. ಆಮೇಲೆ ನೋಡನೋಡುತ್ತ ಹಸಿ ಬೀನ್ಸ್, ಅಂದರೆ ವೆನಿಲಾದ ಹಸಿ ಕಾಯಿ, ಅದರ ಬೆಲೆ ಕೆಜಿಗೆ 3 ಸಾವಿರ ದಾಟಿತು. ಸುತ್ತಮುತ್ತ ಎಲ್ಲರೂ ನೆಟ್ಟರು. ಹೂ ಬಿಟ್ಟ ಮೊದಲ ವರ್ಷ ಅತ್ತೆ ಮತ್ತು ನಾನು ಬೆಳಿಗ್ಗೆ ಆರೂವರೆಗೇ ತೋಟಕ್ಕೆ ಹೋಗುತ್ತಿದ್ದೆವು. ಆ ಹೂವು ಬೆಳಿಗ್ಗೆ ಅರಳಿದರೆ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ. ಅಷ್ಟರೊಳಗೆ ಒಂದೊಂದನ್ನೂ ಕೈಯಲ್ಲೇ ಕೂಡಿಸಬೇಕು. ಎಡಗೈಯಲ್ಲಿ ಹೂವು ಹಿಡಿದು, ಚೂಪು ಮಾಡಿದ ಬಿದಿರು ಕಡ್ಡಿಯಿಂದ ಹೂವಿನ ತುಟಿ ಸೀಳಿ, ಒಳಗಿರುವ ಸಣ್ಣ ಪೊರೆಯನ್ನು ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಮೆತ್ತಗೆ ಒತ್ತಬೇಕು. ಅತ್ತೆಯ ಹೆಬ್ಬೆರಳು ದಪ್ಪ, ಒರಟು. ಆದರೂ ಅವರು ಮುಟ್ಟಿದ ಹೂವೆಲ್ಲ ಕಾಯಿ ಕಟ್ಟುತ್ತಿತ್ತು. ನಾನು ಮುಟ್ಟಿದ್ದು ಮೊದಲ ವಾರ ಮಾರನೇ ದಿನವೇ ಉದುರುತ್ತಿತ್ತು.

ಕಾಯಿ ಬಲಿಯಲು ಒಂಬತ್ತು ತಿಂಗಳು. ನಮ್ಮ ಕಾಯಿ ಬಲಿಯುವಷ್ಟರಲ್ಲಿ ಬೆಲೆ ಬಿದ್ದುಹೋಗಿತ್ತು. ಕೊಂಡುಕೊಳ್ಳುತ್ತೇವೆ ಅಂತ ಮನೆಗೆ ಬಂದು ಹೇಳಿಹೋದವರು ಫೋನ್ ಎತ್ತಲಿಲ್ಲ. ಆಮೇಲೆ ಬೇರು ಕೊಳೆತು ಬಳ್ಳಿಗಳೂ ಹೋದವು. ಹಲಸಿನ ಮರಕ್ಕೆ ಹಬ್ಬಿಸಿದ್ದ ಒಂದೇ ಒಂದು ಉಳಿದಿದೆ. ಅತ್ತೆ ಈಗಿಲ್ಲ. ಆ ಬಳ್ಳಿ ಹೂ ಬಿಟ್ಟಾಗ ಇವತ್ತಿಗೂ ನಾನೇ ಹೋಗಿ ಕೂಡಿಸುತ್ತೇನೆ.

ಆ ಬೆಲೆಯ ಏರಿಳಿತವೆಲ್ಲ ಮಡಗಾಸ್ಕರ್‌ನಿಂದ ಬಂದದ್ದು ಅಂತ ಆಮೇಲೆ ಗೊತ್ತಾಯಿತು. ಜಗತ್ತಿನ ವೆನಿಲಾದಲ್ಲಿ ಹೆಚ್ಚುಪಾಲು ಬೆಳೆಯುವುದು ಆ ದ್ವೀಪದಲ್ಲಿ. 2000ದ ಏಪ್ರಿಲ್‌ನಲ್ಲಿ ಹುಡಾ ಎಂಬ ಚಂಡಮಾರುತ ಅಲ್ಲಿನ ವೆನಿಲಾ ಸೀಮೆಗೇ ಬಡಿಯಿತು, ಇಲ್ಲಿ ನಾವು ಬಳ್ಳಿ ನೆಟ್ಟೆವು. ಅಲ್ಲಿ ತೋಟಗಳು ಚೇತರಿಸಿಕೊಂಡವು, ಇಲ್ಲಿ ನಾವು ಬಿದ್ದೆವು. ಅವತ್ತಿನಿಂದ ಮಡಗಾಸ್ಕರ್ ಅಂತ ಎಲ್ಲಿ ಕಂಡರೂ ನಿಂತು ಓದುತ್ತೇನೆ.

ಈಗ ಪ್ರಶ್ನೆ. ಅಲ್ಲಿನ ವೆನಿಲಾ ತೋಟಗಳ ಬಗ್ಗೆ 2022ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿದೆಯಂತೆ. ತೋಟದಲ್ಲಿ ಮರ, ಹಕ್ಕಿ ಜಾಸ್ತಿ ಇದ್ದರೆ ಫಸಲೇನೂ ಕಮ್ಮಿಯಾಗಲ್ಲ ಅಂತ ಅದರಲ್ಲಿದೆ ಎಂದು ಓದಿದೆ. ನಮ್ಮಲ್ಲಿ ಹಳ್ಳದ ಪಕ್ಕ ಒಂದೆಕರೆಯಷ್ಟು ಹಳೇ ತೋಟ ಇದೆ. ಮೇಲೆ ನೇರಳೆ, ಅತ್ತಿ, ಹಲಸು, ಬೈನೆ. ಕೆಳಗಿರುವ ಕಾಫಿ ಮುದಿಯಾಗಿದೆ, ಫಸಲು ಕಮ್ಮಿ. ಮರವೆಲ್ಲ ತೆಗೆಸಿ ಸಿಲ್ವರ್ ಓಕ್ ಮರ ಹಾಕಿ ರೊಬಸ್ಟಾ ಕಾಫಿ ನೆಡೋಣ ಅಂತ ಮೈದುನ ಹೇಳುತ್ತಿದ್ದಾನೆ. ಇನ್ನೊಂದು ಕಡೆ ಎರಡೆಕರೆ ಹಕ್ಕಲು ಸುಮ್ನೆ ಬಿದ್ದಿದೆ. ಶುಂಠಿಗೆ ಗುತ್ತಿಗೆ ಕೊಟ್ಟಿದ್ದೆವು, ಅವರು ಬೆಳೆದು ಹೋದ ಮೇಲೆ ಬರೀ ಲಂಟಾನ. ನಾನು ಮರ ಕಡಿಸಬಾರದು ಅಂತಿದ್ದೇನೆ. ನನ್ನದು ಬರೀ ಮಮತೆಯೋ, ಲೆಕ್ಕದಲ್ಲೂ ನಿಲ್ಲುತ್ತದೋ, ಗೊತ್ತಿದ್ದವರು ಹೇಳಿ.

ಹಕ್ಕಿ ನೋಡುವ ಹುಡುಗ, ಹಾಸನ

ಅಕ್ಕಾ, ಆ ಅಧ್ಯಯನವನ್ನು ನಾನು ಪೂರ್ತಿ ಓದಿದ್ದೇನೆ. ನೀವು ಓದಿದ್ದು ಸರಿ, ಆದರೆ ಅರ್ಧ ಮಾತ್ರ. ಉಳಿದರ್ಧವೇ ನಿಮ್ಮ ಜಗಳಕ್ಕೆ ಬೇಕಾದದ್ದು.

ಅವರು ಏಳು ಬಗೆಯ ಜೀವಿಗಳನ್ನು ಎಣಿಸಿದರು: ಮರ, ನೆಲದ ಸಣ್ಣ ಗಿಡ, ಹಕ್ಕಿ, ಕಪ್ಪೆ, ಹಾವು-ಹಲ್ಲಿಗಳ ಗುಂಪು, ಚಿಟ್ಟೆ, ಇರುವೆ. ವೆನಿಲಾ ತೋಟಗಳನ್ನು ಎರಡು ಗುಂಪು ಮಾಡಿದರು. ಒಂದು, ಕಾಡಿನೊಳಗೆ ಜಾಗ ಮಾಡಿಕೊಂಡು ಎಬ್ಬಿಸಿದ್ದು. ಇನ್ನೊಂದು, ಕಾಡು ಕಡಿದು ಸುಟ್ಟು ಬತ್ತ ಬೆಳೆದು ಬಿಟ್ಟ ಪಾಳು ನೆಲದಲ್ಲಿ ಎಬ್ಬಿಸಿದ್ದು. ಹೊರಗಿನಿಂದ ನೋಡಿದರೆ ಎರಡೂ ಮರ-ಬಳ್ಳಿಯ ತೋಟವೇ. ಲೆಕ್ಕ ಮಾತ್ರ ತಿರುಗಾಮುರುಗಾ.

ಕಾಡಿನಲ್ಲಿ ಎಬ್ಬಿಸಿದ ತೋಟದಲ್ಲಿ ಹಳೇ ಕಾಡಿಗಿಂತ ಜೀವಿಗಳ ಬಗೆ ಶೇ 23 ಕಮ್ಮಿ. ಆ ದ್ವೀಪ ಬಿಟ್ಟರೆ ಬೇರೆಲ್ಲೂ ಇಲ್ಲದ ಜೀವಿಗಳನ್ನು ಮಾತ್ರ ಎಣಿಸಿದರೆ ಶೇ 47 ಕಮ್ಮಿ, ಅಂದರೆ ಹತ್ತಿರ ಹತ್ತಿರ ಅರ್ಧ. ಪಾಳು ನೆಲದಲ್ಲಿ ಎಬ್ಬಿಸಿದ ತೋಟದಲ್ಲಿ ಪಾಳಿಗಿಂತ ಶೇ 12 ಜಾಸ್ತಿ, ಅಲ್ಲಿಗೇ ಸೇರಿದ ಜೀವಿಗಳು ಶೇ 38 ಜಾಸ್ತಿ. ಒಂದೇ ಬಳ್ಳಿ. ಎಲ್ಲಿ ನೆಟ್ಟೆವು ಅನ್ನುವುದರ ಮೇಲೆ ಒಂದು ಕಡೆ ಕಳೆಯುತ್ತದೆ, ಇನ್ನೊಂದು ಕಡೆ ಕೂಡುತ್ತದೆ.

ಫಸಲಿನ ವಿಷಯ: ಬಳ್ಳಿ ಒತ್ತಾಗಿದ್ದು ಉದ್ದ ಬೆಳೆದಷ್ಟೂ ಫಸಲು ಹೆಚ್ಚಿತು. ಎಷ್ಟು ಬಗೆಯ ಮರ, ಹಕ್ಕಿ, ಕಪ್ಪೆ ಇವೆ ಅನ್ನುವುದಕ್ಕೂ ಫಸಲಿಗೂ ಸಂಬಂಧ ಕಾಣಲಿಲ್ಲ. ಚಿಟ್ಟೆ ಮತ್ತು ಹಾವು-ಹಲ್ಲಿಗಳಲ್ಲಿ ಮಾತ್ರ ಸ್ವಲ್ಪ ಎಳೆದಾಟ ಇತ್ತು, ಅಂದರೆ ಫಸಲು ಹೆಚ್ಚಿದ್ದಲ್ಲಿ ಅವು ಕಮ್ಮಿ, ಅದನ್ನೂ ಅವರು ಮುಚ್ಚಿಟ್ಟಿಲ್ಲ. ಇನ್ನೊಂದು ಅಧ್ಯಯನದಲ್ಲಿ ಅದೇ ಸೀಮೆಯ ವೆನಿಲಾ ತೋಟಗಳಿಗೆ ಕೆಲವು ಜಾತಿಯ ಲೆಮೂರ್‌ಗಳು ಬಂದುಹೋಗುವುದು ಕಂಡಿದೆ. ಲೆಮೂರ್ ಅಂದರೆ ನಮ್ಮ ಕಾಡುಪಾಪದ ದೂರದ ನೆಂಟ. 2020ರ ಪಟ್ಟಿಯಂತೆ ಅಲ್ಲಿನ 107 ಜಾತಿ ಲೆಮೂರ್‌ಗಳಲ್ಲಿ 103 ಅಪಾಯದಲ್ಲಿವೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ಕಡೆಯದೂ ಒಂದು ಹೇಳಿಬಿಡುತ್ತೇನೆ. ಪಶ್ಚಿಮ ಘಟ್ಟದ ಕಾಫಿ, ಅಡಿಕೆ, ರಬ್ಬರ್ ತೋಟಗಳಲ್ಲಿ ಹಕ್ಕಿ ಎಣಿಸಿದ ಅಧ್ಯಯನ 2016ರಲ್ಲಿ ಬಂತು. ಒಟ್ಟು 204 ಜಾತಿ ಹಕ್ಕಿ ಸಿಕ್ಕವು, ಮೂರರಲ್ಲಿ ಕಾಫಿ ತೋಟವೇ ಮುಂದೆ.

ಆಲ್ದೂರಿನವರು

ನೋಡಮ್ಮ, ಹುಡುಗ ಚೆನ್ನಾಗಿ ಹೇಳಿದ್ದಾನೆ. ಆದರೆ ವೆನಿಲಾ ಬೇರೆ, ಕಾಫಿ ಬೇರೆ. ನೆರಳು ಜಾಸ್ತಿಯಾದರೆ ಕಾಫಿ ಹೂ ಕಮ್ಮಿ ಬಿಡುತ್ತೆ, ಅದು ನಿಜ. ರೊಬಸ್ಟಾಕ್ಕೆ ಅರೇಬಿಕಾಗಿಂತ ಬೆಳಕು ಹೆಚ್ಚು ಬೇಕು, ಅದೂ ನಿಜ. ನಿನ್ನ ಮೈದುನ ಸುಮ್ನೆ ಹೇಳುತ್ತಿಲ್ಲ.

ಆದರೆ ಮರ ಕಡಿಯುವುದಕ್ಕೂ ಮರಗಸಿ ಮಾಡುವುದಕ್ಕೂ, ಅಂದರೆ ಕೊಂಬೆ ಸವರಿ ನೆರಳು ಹದ ಮಾಡುವುದಕ್ಕೂ, ವ್ಯತ್ಯಾಸ ಇದೆಯಲ್ಲ. ಆ ಒಂದೆಕರೆಯಲ್ಲಿ ಮರಗಸಿ ಮಾಡಿಸಿ ಎಷ್ಟು ವರ್ಷ ಆಯಿತು? ಮರ ಹತ್ತುವ ಜನ ಸಿಗದೆ ನಾವೆಲ್ಲ ಬಿಟ್ಟಿದ್ದೇವೆ, ಆಮೇಲೆ ತಪ್ಪು ಮರದ್ದು ಅಂತೀವಿ. ಕೆಳಗಿನ ಕೊಂಬೆ ತೆಗೆಸು, ಮೇಲಿನ ಚಪ್ಪರ ಬಿಡು. ಮುದಿ ಗಿಡ ಕಿತ್ತು ಅಲ್ಲೇ ಹೊಸ ಸಸಿ ಹಾಕು. ಅರೇಬಿಕಾ ಇದ್ದರಂತೂ ಬಿಸಿಲಿಗೆ ಬಿಡಬೇಡ, ಬಿಳಿ ಕಾಂಡಕೊರಕ ಹುಳಕ್ಕೆ ಬಿಸಿಲು ಬಿದ್ದ ಗಿಡವೇ ಬೇಕು.

ನಾನು ಮಾಡಿದ್ದು ಹೇಳುತ್ತೇನೆ. 1994ರಲ್ಲಿ ನಮ್ಮ ಕೆಳಗಿನ ಬ್ಲಾಕ್‌ನಲ್ಲಿ ಏಳು ಅತ್ತಿ ಮರ ತೆಗೆಸಿದೆ. ಸಿಲ್ವರ್ ಬೇಗ ಬೆಳೆಯುತ್ತೆ, ಮೆಣಸಿನ ಬಳ್ಳಿ ನೆಟ್ಟಗೆ ಹತ್ತುತ್ತೆ, ನಾಳೆ ಮಾರಬೇಕಾದರೆ ತೊಂದರೆ ಇಲ್ಲ. ಆಗ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಮೆಣಸು ಬಂತು, ಸುಳ್ಳು ಹೇಳಲ್ಲ. ಆದರೆ ಅತ್ತಿ ಹಣ್ಣಾದಾಗ ಬರುತ್ತಿದ್ದ ಮಂಗಟ್ಟೆ ಹಕ್ಕಿಗಳು ಆಮೇಲೆ ಆ ಕಡೆ ಬರಲೇ ಇಲ್ಲ. ಮಣ್ಣೂ ಬದಲಾಯಿತು. ಅತ್ತಿ, ಹಾಲವಾಣದ ಎಲೆ ಒಂದು ಮಳೆಗಾಲಕ್ಕೆ ಕೊಳೆತು ಗೊಬ್ಬರವಾಗುತ್ತೆ. ಸಿಲ್ವರ್ ಎಲೆ ಕೆದಕಿ ನೋಡು, ಹೋದ ವರ್ಷದ್ದು ಹಾಗೇ ಗರಗರ ಅನ್ನುತ್ತಾ ಬಿದ್ದಿರುತ್ತೆ. ಈಗ ನನಗೆ ಎಪ್ಪತ್ತೊಂದು. ಮೊನ್ನೆ ಮೊಮ್ಮಗಳು ಮಂಗಟ್ಟೆ ಚಿತ್ರ ತೋರಿಸಿ, ತಾತ ಇದು ನಮ್ಮ ತೋಟದಲ್ಲಿದೆಯಾ ಅಂತ ಕೇಳಿದಳು.

ಹಕ್ಕಲಿನಲ್ಲೇ ರೊಬಸ್ಟಾ ಮಾಡು. ಮೊದಲು ನೆರಳು ಎಬ್ಬಿಸು.

ಕಳಸದ ಮೇಷ್ಟ್ರು

ನಾನು ಕೃಷಿಕನಲ್ಲ, ಭೂಗೋಳ ಪಾಠ ಮಾಡಿದವನು. ಅಲ್ಲಿನ ಜನರ ಬಗ್ಗೆ ಎರಡು ಮಾತು. ಈ ಅಂಕಿ ನೋಡಿದವರು, ಅವರು ಕಾಡು ಸುಟ್ಟರು ಅಂತ ಸುಲಭವಾಗಿ ಹೇಳಿಬಿಡಬಹುದು.

ಮಡಗಾಸ್ಕರ್ ನಮ್ಮ ಕರ್ನಾಟಕದ ಮೂರರಷ್ಟು ದೊಡ್ಡದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಆ ನೆಲ ಮತ್ತು ನಮ್ಮ ನೆಲ ಬೇರೆಯಾದವು, ಅಂದರೆ ನಮ್ಮ ಪಶ್ಚಿಮ ಘಟ್ಟಕ್ಕೆ ಅದು ಹಳೇ ದಾಯಾದಿ. ಆಫ್ರಿಕಾ ಪಕ್ಕದಲ್ಲೇ ಇದ್ದರೂ ಅಲ್ಲಿನ ಮಲಗಾಸಿ ಭಾಷೆಯ ಹತ್ತಿರದ ಬಂಧು ಇರುವುದು ಬೋರ್ನಿಯೊ ದ್ವೀಪದ ಬಾರಿಟೊ ನದಿ ಸೀಮೆಯಲ್ಲಿ. ಹಿಂದೂ ಮಹಾಸಾಗರವನ್ನೇ ದಾಟಿ ಬಂದವರು, ಆಫ್ರಿಕಾದಿಂದ ಬಂದವರು, ಇಬ್ಬರೂ ಬೆರೆತ ಜನ ಅದು. ಈಗ ವಂಶವಾಹಿ ಪರೀಕ್ಷೆಗಳೂ ಇದನ್ನೇ ತೋರಿಸುತ್ತಿವೆ. ಬತ್ತ ಅವರ ಊಟ, ಗುಡ್ಡದ ಮೇಲೂ ಬತ್ತ. ಕಾಡಿನ ತುಂಡು ಕಡಿದು, ಸುಟ್ಟು, ಬೆಳೆದು, ಸಾರ ಹೋದ ಮೇಲೆ ಬಿಟ್ಟು ಮುಂದೆ ಹೋಗುವುದನ್ನು ತಾವಿ ಅನ್ನುತ್ತಾರೆ. ನಮ್ಮ ಮಲೆನಾಡಿನಲ್ಲಿ ಹಿಂದೆ ಇದ್ದ ಕುಮರಿ ಬೇಸಾಯ ಅದೇ ತಾನೇ? ಹಾಗೆಯೇ, ಇಂಡ್ರಿ ಎಂಬ ದೊಡ್ಡ ಲೆಮೂರ್ ಅನ್ನು ಕೊಲ್ಲಬಾರದು ಎಂಬ ಕಟ್ಟು ಅನೇಕ ಊರುಗಳಲ್ಲಿದೆ, ಅದು ತಮ್ಮ ಹಿರಿಯರಿಗೆ ಸಂಬಂಧಪಟ್ಟದ್ದು ಅಂತ. ನಮ್ಮ ನಾಗಬನಕ್ಕೆ ಕತ್ತಿ ಒಯ್ಯದ ಹಾಗೆ.

ವೆನಿಲಾ ಬೆಳೆಯುವವರು ಅಲ್ಲಿಯೂ ನಿಮ್ಮಂಥ ಸಣ್ಣ ರೈತರೇ ತಾಯಿ. ಕಳ್ಳರ ಕಾಟಕ್ಕೆ, ಕಾಯಿ ಹಸಿ ಇರುವಾಗಲೇ ಮುಳ್ಳುಮೊನೆಯಿಂದ ಚುಚ್ಚಿ ತಮ್ಮ ಗುರುತು ಹಾಕುತ್ತಾರೆ. ಒಣಗಿದರೂ ಅದು ಹೋಗಲ್ಲ. ಇನ್ನು ನಿಮ್ಮ ಅತ್ತೆಯವರು ಮಾಡುತ್ತಿದ್ದ ಕೈಚಳಕ ಇದೆಯಲ್ಲ, ಅದನ್ನು 1841ರಲ್ಲಿ ಪಕ್ಕದ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದದ್ದು ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ. ಆಲ್ಬಿಯಸ್ ಎಂಬ ಎರಡನೇ ಹೆಸರು ಅವನಿಗೆ ಬಿಡುಗಡೆಯಾದ ಮೇಲೆ ಬಂತು.

ಕಾಫಿ ಬೆಳೆಯುವವರಿಗೆ ಇನ್ನೊಂದು. ಮಡಗಾಸ್ಕರ್ ಕಾಡಿನಲ್ಲಿ ಅರವತ್ತು ಸುಮಾರು ಜಾತಿ ಕಾಡುಕಾಫಿ ಇವೆ, ಹೆಚ್ಚಿನವುಗಳಲ್ಲಿ ಕೆಫೀನ್ ಇಲ್ಲವೇ ಇಲ್ಲ ಅನ್ನಬಹುದು. 2019ರಲ್ಲಿ ಜಗತ್ತಿನ 124 ಕಾಫಿ ಜಾತಿಗಳನ್ನು ನೋಡಿದಾಗ ಶೇ 60 ಅಳಿವಿನ ಅಂಚಿನ ಕಡೆಗಿದ್ದವು. ನಿಮ್ಮ ತೋಟಗಳ ಎಸ್. 795 ತಳಿಯಲ್ಲೂ ಅರೇಬಿಕಾ ಜೊತೆ ಲಿಬೇರಿಕಾ ಎಂಬ ಬೇರೆ ಜಾತಿಯ ರಕ್ತ ಇದೆ. ನಾಳೆ ಯಾವ ರೋಗಕ್ಕೆ ಯಾವ ಕಾಡಿನ ಗಿಡ ಬೇಕಾಗುತ್ತೋ ಹೇಳಲಾಗದು.

ಹಳ್ಳದಾಚೆ ತೋಟ, ಹಾನುಬಾಳು

ಎಲ್ಲರಿಗೂ ತುಂಬಾ ಉಪಕಾರ. ಮೇಷ್ಟ್ರೇ, ಆ ಹುಡುಗನ ವಿಷಯ ನನಗೆ ಗೊತ್ತೇ ಇರಲಿಲ್ಲ. ಅತ್ತೆ ಇದ್ದಿದ್ದರೆ ಹೇಳುತ್ತಿದ್ದೆ.

ನಿನ್ನೆ ಸಂಜೆ ಮೈದುನನನ್ನು ಕೂರಿಸಿಕೊಂಡು ಇದನ್ನೆಲ್ಲ ಓದಿಸಿದೆ. ಶೇ 47, ಶೇ 38 ಅನ್ನುವಲ್ಲಿ ಎರಡು ಸಲ ಓದಿದ. ಹಾಗಾದರೆ ಶುಂಠಿ ಬೆಳೆದ ಜಾಗವೇ ಅವರ ಪಾಳು ಇದ್ದ ಹಾಗಲ್ವಾ ಅತ್ತಿಗೆ, ಅಂದ. ಹೌದಪ್ಪ, ಅದೇ ಅಂದೆ. ಹಳ್ಳದ ಕಡೆ ಮರಗಸಿ ಮಾಡಿಸಿ ಹದಿಮೂರು ವರ್ಷವಾಗಿದೆ, ಲೆಕ್ಕದ ಪುಸ್ತಕದಲ್ಲಿ ಸಿಕ್ಕಿತು. ಕೊಯ್ಲು ಮುಗಿದ ಮೇಲೆ ಜನ ನೋಡುತ್ತೇವೆ. ಕಾಫಿ ಹೂ ಬಿಡಿಸುವ ಹೂಮಳೆಗೆ ಮುಂಚೆ ಮುಗಿಸಬೇಕಾ, ಮುಂಗಾರು ಹಿಡಿಯುವ ಹೊತ್ತಿಗೆ ಮಾಡಿಸಬೇಕಾ? ಹಕ್ಕಲಿನಲ್ಲಿ ನೆರಳಿಗೆ ಮೊದಲು ಯಾವ ಮರ?

ಆಲ್ದೂರಿನವರು

ಮರಗಸಿ ಮುಂಗಾರು ಹಿಡಿಯುವ ಹೊತ್ತಿಗೆ. ಬೇಸಿಗೆಯಲ್ಲಿ ಗಿಡ ಬಿಚ್ಚಿಡಬೇಡ. ಹಕ್ಕಲಿಗೆ ಮೊದಲು ಹಾಲವಾಣದ ಗೂಟ, ನಿನ್ನ ಎತ್ತರದ್ದು. ಮೊದಲ ಮಳೆ ಬಿದ್ದ ವಾರ ನೆಡಿಸು. ಗೂಟಗಳ ನಡುವೆ ಹಲಸಿನ ಬೀಜ ಹಾಕು. ಹಣ್ಣು ತಿಂದ ದಿನವೇ ಹಾಕಬೇಕು, ಒಣಗಿಸಿ ಇಟ್ಟರೆ ಹುಟ್ಟಲ್ಲ. ನೇರಳೆ ಸಸಿ ನಮ್ಮಲ್ಲಿ ಇದೆ, ಹಳ್ಳದ ದಂಡೆಯಲ್ಲಿ ತಾನಾಗೇ ಹುಟ್ಟಿದ್ದು. ಮಳೆ ಹಿಡಿದ ಮೇಲೆ ಯಾರನ್ನಾದರೂ ಕಳಿಸಿದರೆ ನಲವತ್ತು ಐವತ್ತು ಕಿತ್ತು ಕೊಡುತ್ತೇನೆ. ದುಡ್ಡು ಬೇಡ. ಅತ್ತಿ ಸಸಿ ಸಿಕ್ಕರೆ ನನಗೂ ಎರಡು ಇಟ್ಟಿರು.