ಚಿಲಿಯೋರು ಹೊಸ ಸಂವಿಧಾನ ಬೇಕು ಅಂದು ಆಮೇಲೆ ಎರಡು ಸಲ ಬೇಡ ಅಂದಿದ್ಯಾಕೆ?

ದಾವಣಗೆರೆ_ಓದುಗ
ಎಲ್ರಿಗೂ ನಮಸ್ಕಾರ. ಎಕ್ಸಾಮ್‌ಗೆ ಪಾಲಿಟಿ ಓದ್ತಾ ಇದೀನಿ, ಚಿಲಿ ದೇಶದ ವಿಷ್ಯದಲ್ಲಿ ತಲೆ ಕೆಟ್ಟೋಗಿದೆ. 2020ರ ಅಕ್ಟೋಬರ್‌ನಲ್ಲಿ ವೋಟು ಹಾಕಿದೋರಲ್ಲಿ ನೂರಕ್ಕೆ 78 ಜನ ಹೊಸ ಸಂವಿಧಾನ ಬೇಕು ಅಂದ್ರಂತೆ, 2022ರ ಸೆಪ್ಟೆಂಬರ್ 4ಕ್ಕೆ ಕರಡು ಮುಂದಿಟ್ರೆ ಸುಮಾರು 62 ಪರ್ಸೆಂಟ್ ಬೇಡ ಅಂದ್ರು, 2023ರ ಡಿಸೆಂಬರ್‌ನಲ್ಲಿ ಇನ್ನೊಂದು ಕರಡು, ಅದೂ ಬಿತ್ತು. ಪಿನೋಚೆ ಸರ್ವಾಧಿಕಾರದಲ್ಲಿ ಬಂದ 1980ರ ಸಂವಿಧಾನನೇ ತಿದ್ದುಪಡಿ ಮಾಡ್ಕೊಂಡು ಈಗ್ಲೂ ನಡೀತಿದೆ. ಬೇಕು ಅಂದ ಜನನೇ ಯಾಕೆ ಹಿಂಗೆ ಮಾಡಿದ್ರು? ಮತ್ತೆ ನಮ್ಮ ಸಂವಿಧಾನಕ್ಕೆ ಯಾಕೆ ಜನಮತಗಣನೆ ಮಾಡ್ಲಿಲ್ಲ?

ಕೋಟೆ_ಕಡೆಯವ
ಅದೇ ಜನ ಅಲ್ಲ ತಮ್ಮಾ. 2020ರಲ್ಲಿ ವೋಟು ಹಾಕೋದು ಅವರವರ ಇಷ್ಟ ಆಗಿತ್ತು, ಸುಮಾರು 75 ಲಕ್ಷ ಜನ ಬಂದಿದ್ರು. 2022ರಲ್ಲಿ ಕಡ್ಡಾಯ ಮಾಡಿದ್ರು, 1 ಕೋಟಿ 30 ಲಕ್ಷ ಆಯ್ತು. ಮೊದ್ಲು ಮನೇಲಿದ್ದೋರ ಮನಸ್ಸಲ್ಲಿ ಏನಿತ್ತು ಅಂತ ಆವಾಗ್ಲೇ ಗೊತ್ತಾಗಿದ್ದು.

ಪ್ರಶ್ನೆನೂ ಬೇರೆ ಐತೆ ನೋಡು. 2019ರಲ್ಲಿ ಮೆಟ್ರೋ ಟಿಕೆಟ್ 30 ಪೆಸೊ ಜಾಸ್ತಿ ಮಾಡಿದ್ದಕ್ಕೆ ಗಲಾಟೆ ಶುರುವಾಗಿ ಪೆನ್ಷನ್ನು, ಆಸ್ಪತ್ರೆ, ಕಾಲೇಜು ಫೀಸು ಅಂತ ಎಲ್ಲಾ ಸಿಟ್ಟೂ ಬೀದಿಗೆ ಬಂತು, ಆ ಸಿಟ್ಟಲ್ಲಿ ಹೊಸದು ಬೇಕಾ ಅಂದ್ರೆ ಯಾರು ಬೇಡ ಅಂತಾರೆ. 2022ರಲ್ಲಿ ಕೈಗೆ ಕೊಟ್ಟಿದ್ದು 388 ವಿಧಿ ಇರೋ ಪುಸ್ತಕ. ಬ್ಯಾಲೆಟ್ ಪೇಪರಲ್ಲಿ ಮಾತ್ರ ಎರಡೇ ಆಯ್ಕೆ, ಒಪ್ಪಿಗೆ ಇಲ್ಲಾ ತಿರಸ್ಕಾರ, ಪಕ್ಕದಲ್ಲಿ ಒಂದೊಂದು ಅಡ್ಡಗೆರೆ, ಬೇಕಾದ್ರ ಮೇಲೆ ಪೆನ್ನಲ್ಲಿ ಉದ್ದಗೆರೆ ಎಳೀಬೇಕು. ಆ ಕರಡಲ್ಲಿದ್ದ ನೀರಿನ ಹಕ್ಕು ಸರಿ ಆದ್ರೆ ಸೆನೆಟ್, ಅಂದ್ರೆ ಸಂಸತ್ತಿನ ಮೇಲ್ಮನೆ, ತೆಗೆಯೋದು ಬೇಡ ಅನ್ನೋನು ಎಲ್ಲಿ ಗೆರೆ ಎಳೀಬೇಕು ಹೇಳು?

ಹೊಲಮನಿ_ಅಕ್ಕ
ಇದು ನಂಗೆ ಚೆನ್ನಾಗಿ ಗೊತ್ತು. ನಮ್ಮೂರ ಸಂಘದ ವಾರ್ಷಿಕ ಸಭೆಲಿ ಬೈಲಾ ತಿದ್ದುಪಡಿ ಎಲ್ಲಾ ಒಟ್ಟಿಗೆ ಓದಿ "ಒಪ್ಗೆ ಇದ್ದೋರು ಕೈ ಎತ್ರಿ" ಅಂದ್ರು, ಸಾಲದ ನಿಯಮ ನಮ್ಗೆ ಬೇಕಿತ್ತು, ಷೇರು ಹಣ ಏರ್ಸೋದು ಬೇಡವಾಗಿತ್ತು, ಬಿಡಿಬಿಡಿಯಾಗಿ ಕೇಳ್ರಿ ಅಂದ್ರೆ ಕೇಳ್ಲಿಲ್ಲ, ಹೆಣ್ಮಕ್ಳು ಯಾರೂ ಕೈ ಎತ್ಲಿಲ್ಲ.

ದುರ್ಗದ_ವಕೀಲ
ನಮ್ಮಲ್ಲಿ ಜನಮತಗಣನೆ ಆಗ್ಲಿಲ್ಲ ನಿಜ. ಸಂವಿಧಾನ ಸಭೆ 1946ರ ಡಿಸೆಂಬರ್ 9ಕ್ಕೆ ಸೇರ್ತು, ಪ್ರಾಂತ್ಯಗಳ ಸದಸ್ಯರನ್ನ ಅಲ್ಲಿನ ಶಾಸನಸಭೆಗಳು ಆರಿಸಿದ್ವು, ಆ ಶಾಸನಸಭೆಗಳಿಗೆ ವೋಟು ಹಾಕೋ ಹಕ್ಕು ಎಲ್ರಿಗೂ ಇರ್ಲಿಲ್ಲ. ಇದು ದೊಡ್ಡ ಕೊರತೆನೇ, ಮುಚ್ಚಿಡಬಾರ್ದು. ಆದ್ರೆ 1948ರ ಫೆಬ್ರವರಿಲಿ ಕರಡು ಪ್ರಕಟ ಮಾಡಿ ತಿಂಗಳುಗಟ್ಲೆ ಜನರ ಮುಂದೆ ಇಟ್ಟಿದ್ರು, 7,635 ತಿದ್ದುಪಡಿ ಸೂಚನೆ ಬಂದ್ವು, 2,473 ಸಭೆಲಿ ಮಂಡನೆ ಆದ್ವು, ಒಂದೊಂದು ವಿಧಿನೂ ಬೇರೆ ಬೇರೆ ಚರ್ಚೆ. ನಮ್ಮ ದುರ್ಗದಲ್ಲಿ ವಕೀಲಿಕೆ ಮಾಡ್ತಿದ್ದ ನಿಜಲಿಂಗಪ್ಪನವ್ರೂ ಆ ಸಭೆಯ ಸದಸ್ಯರು, ಸೀಬಾರದಲ್ಲಿ ಅವ್ರ ಸ್ಮಾರಕ ಐತಲ್ಲ, ಒಂದ್ಸಲ ಹೋಗಿ ಬಾ. ನನ್ನ ಕೇಳಿದ್ರೆ ಕೊನೇಲಿ ಒಂದು ವೋಟು ಹಾಕೋದಕ್ಕಿಂತ ಹಿಂಗೆ ಒಂದೊಂದಾಗಿ ಜಗಳಾಡಿ ಬರೆಯೋದೇ ಮುಖ್ಯ. ಈಗ್ಲೂ ತಿದ್ದುಪಡಿ ಅಂದ್ರೆ 368ನೇ ವಿಧಿ, ಸಂಸತ್ತು, ಕೆಲವಕ್ಕೆ ಅರ್ಧ ರಾಜ್ಯಗಳ ಒಪ್ಪಿಗೆ, ಅದ್ರ ಮೇಲೆ ಸಂವಿಧಾನದ ಮೂಲ ರಚನೆ ಬದಲಾಯಿಸಂಗಿಲ್ಲ ಅಂದ ಸುಪ್ರೀಂ ಕೋರ್ಟಿನ 1973ರ ಕೇಶವಾನಂದ ಭಾರತಿ ತೀರ್ಪು.

ದಾವಣಗೆರೆ_ಓದುಗ
ಥ್ಯಾಂಕ್ಸ್ ಸರ್. 2023ರದ್ದು ಯಾಕೆ ಬಿತ್ತು?

ಕೋಟೆ_ಕಡೆಯವ
ಮೊದ್ಲ ಕರಡಲ್ಲಿ ಎಡಪಂಥದೋರ ಕೈ ಮೇಲಿತ್ತು, ಎರಡನೇದ್ರಲ್ಲಿ ಬಲಪಂಥದೋರದ್ದು, ಸುಮಾರು 56 ಪರ್ಸೆಂಟ್ ಬೇಡ ಅಂದ್ರು. ಐಸ್‌ಲ್ಯಾಂಡ್ ಕಥೆನೂ ನೋಡು ತಮ್ಮಾ. ಅಲ್ಲಿ 2012ರಲ್ಲಿ ವೋಟು ಹಾಕಿದ ಮೂರರಲ್ಲಿ ಎರಡು ಪಾಲು ಜನ ಕರಡಿಗೆ ಹೂಂ ಅಂದ್ರು, ಆದ್ರೆ ಅದು ಸಲಹೆ ಕೇಳೋ ವೋಟು ಮಾತ್ರ, ಸಂಸತ್ತು ಪಾಸ್ ಮಾಡ್ಲೇ ಇಲ್ಲ.