ವಯಸ್ಸಾದ ಮೇಲೂ ನಮ್ಮ ಮನೆಯಲ್ಲೇ ಇರಲು ಏನೇನು ಮಾಡಿಕೊಂಡಿದ್ದೀರಿ?

ನನಗೆ 66 ವರ್ಷ, ಒಬ್ಬಳೇ ಇದ್ದೇನೆ. ಮಗ ದೂರದಲ್ಲಿದ್ದಾನೆ. ಹೋದ ತಿಂಗಳು ಬಾತ್‌ರೂಮಿನಲ್ಲಿ ಕಾಲು ಜಾರಿತು. ಮೂಳೆಗೇನೂ ಆಗಲಿಲ್ಲ, ಆದರೆ ಎದ್ದು ಕೂರಲು ತುಂಬ ಹೊತ್ತು ಬೇಕಾಯಿತು. ಅವತ್ತಿನಿಂದ ಮಗ "ಇಲ್ಲಿಗೇ ಬಂದುಬಿಡಮ್ಮ" ಅನ್ನುತ್ತಿದ್ದಾನೆ. ನನಗೆ ನನ್ನ ಮನೆಯಲ್ಲಿ, ನನ್ನ ದುಡ್ಡಿನಲ್ಲೇ ಇರಬೇಕು ಅಂತ ಆಸೆ. ಅದಕ್ಕೆ ಈಗಲೇ ಏನು ಮಾಡಬೇಕು? ನೀವು ಮಾಡಿ ನೋಡಿದ್ದನ್ನು ಹೇಳಿ.

ಒಬ್ಬರೇ ಇರುವ 74ರ ಹಿರಿಯರು:

ನಿಮ್ಮ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾನು ಬಿದ್ದದ್ದು 69ರಲ್ಲಿ. ರಾತ್ರಿ ಅವಸರದಲ್ಲಿ ಎದ್ದೆ, ಕಣ್ಣು ಕತ್ತಲೆ ಬಂತು, ಬಿದ್ದೆ. ಸೊಂಟದ ಮೂಳೆ ಮುರಿಯಿತು. ಫೋನ್ ಹಾಸಿಗೆಯ ಮೇಲಿತ್ತು, ಬೆಳಗಿನವರೆಗೂ ನೆಲದ ಮೇಲೇ ಇದ್ದೆ. ಈಗ ಫೋನ್ ಕುತ್ತಿಗೆಗೆ ನೇತುಹಾಕಿಕೊಂಡೇ ಇರುತ್ತೇನೆ, ಬಾತ್‌ರೂಮಿಗೆ ಹೋಗುವಾಗಲೂ.

ಆಮೇಲೆ ಡಾಕ್ಟರು ನನ್ನ ಬಿಪಿಯನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡಿದರು. ಮಲಗಿದ್ದಾಗ 140 ಇದ್ದದ್ದು ನಿಂತಾಗ 112ಕ್ಕೆ ಇಳಿಯಿತು. ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಬೀಳುವ ಭಯ ಇರುತ್ತದೆ ಅಂದರು. ಅಷ್ಟು ವರ್ಷ ಕೂತೇ ಬಿಪಿ ನೋಡಿಸಿಕೊಂಡಿದ್ದೆ, ಇದು ಗೊತ್ತೇ ಆಗಿರಲಿಲ್ಲ. ನನ್ನ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ತರಿಸಿ ಒಂದೊಂದೇ ನೋಡಿದರು. ನಿದ್ದೆ ಮಾತ್ರೆಯನ್ನು ನಿಧಾನವಾಗಿ ಕಡಿಮೆ ಮಾಡಿ ನಿಲ್ಲಿಸಿದರು. ನೆಗಡಿಗೆ ನಾನೇ ಅಂಗಡಿಯಿಂದ ತಂದು ನುಂಗುತ್ತಿದ್ದ, ನಿದ್ದೆ ಬರಿಸುವ ಮಾತ್ರೆಯನ್ನೂ ಬೇಡ ಅಂದರು. ಈ ವಯಸ್ಸಿನಲ್ಲಿ ಅದರಿಂದ ಮಂಕು ಬರುತ್ತದೆ, ಹೆಜ್ಜೆ ತಪ್ಪುತ್ತದೆ. ನೀವೂ ಚೀಲ ಹಿಡಿದುಕೊಂಡು ಹೋಗಿ. ನೀವಾಗಿ ಮಾತ್ರ ಯಾವುದನ್ನೂ ನಿಲ್ಲಿಸಬೇಡಿ.

ಬಾತ್‌ರೂಮಿಗೆ ಹಿಡಿದುಕೊಳ್ಳುವ ಕಂಬಿ ಇವತ್ತೇ ಹಾಕಿಸಿ. ಟವೆಲ್ ಹಾಕುವ ಕಂಬಿ ಮೈಭಾರ ತಡೆಯುವುದಿಲ್ಲ, ಕಿತ್ತು ಬರುತ್ತದೆ. ಕೂತು ಏಳುವಾಗ ನಿಮ್ಮ ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಗುರುತು ಹಾಕಿ, ಅಲ್ಲೇ ಕೂರಿಸಲು ಹೇಳಿ. ನನಗೆ ಮೊದಲ ಸಲ ತಪ್ಪು ಎತ್ತರಕ್ಕೆ ಹಾಕಿ ಹೋದರು, ಎರಡು ಸಲ ಗೋಡೆ ಕೊರೆಸಬೇಕಾಯಿತು.

ಇನ್ನೊಂದು, ಬಿದ್ದರೆ ಏಳುವುದನ್ನು ಕಲಿಯಬೇಕು. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಅಲ್ವಾ? ನನಗೆ ಫಿಸಿಯೋಥೆರಪಿಯವರು ಕಲಿಸಿದ್ದು ಹೀಗೆ. ಬಿದ್ದ ಕೂಡಲೇ ಏಳಲು ಹೋಗಬೇಡಿ. ಒಂದೆರಡು ನಿಮಿಷ ಸುಮ್ನೆ ಮಲಗಿ, ಎಲ್ಲಿ ನೋವಿದೆ ನೋಡಿಕೊಳ್ಳಿ. ತಲೆಗೆ, ಸೊಂಟಕ್ಕೆ, ಬೆನ್ನಿಗೆ ಜೋರು ಪೆಟ್ಟಾಗಿದ್ದರೆ ಅಲ್ಲಾಡದೆ ಯಾರನ್ನಾದರೂ ಕರೆಯಿರಿ. ಇಲ್ಲವಾದರೆ ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿನಲ್ಲಿ ಗಟ್ಟಿಯಾದ ಕುರ್ಚಿಯ ಹತ್ತಿರ ಹೋಗಿ. ಎರಡೂ ಕೈ ಕುರ್ಚಿಯ ಮೇಲಿಡಿ. ಶಕ್ತಿ ಇರುವ ಕಾಲಿನ ಪಾದ ಮುಂದೆ ಊರಿ, ಮೇಲೆದ್ದು, ತಿರುಗಿ ಕೂತುಕೊಳ್ಳಿ. ಮೊದಲ ಸಲ ಒಬ್ಬರೇ ಮಾಡಬೇಡಿ, ಯಾರಾದರೂ ಪಕ್ಕದಲ್ಲಿರಲಿ.

ಕಾಲಿನ ಶಕ್ತಿ ಎಷ್ಟಿದೆ ಅಂತ ನೋಡಿಕೊಳ್ಳಲು ಒಂದು ಸುಲಭದ ಪರೀಕ್ಷೆ ಇದೆ. ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಕೈ ಎದೆಗೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. 65ರಿಂದ 69ರ ಹೆಂಗಸರಿಗೆ 11ಕ್ಕಿಂತ ಕಡಿಮೆ ಆದರೆ ಕಾಲು ಸೋತಿದೆ ಅಂತ ಲೆಕ್ಕ. ಬರೀ ನಡೆದರೆ ಇದು ಸರಿಯಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥದ್ದು ಬೇಕು ಅನ್ನುತ್ತದೆ. ಅದರ ಜೊತೆ 2 ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ, 3 ದಿನ ಬ್ಯಾಲೆನ್ಸಿನ ಅಭ್ಯಾಸವೂ ಇರಬೇಕು. ನಾವು ಬಿಟ್ಟುಬಿಡುವುದು ಈ ಎರಡನ್ನೇ.

ತಂದೆಯನ್ನು ನೋಡಿಕೊಳ್ಳುವ ಮಗ:

ಕನ್ನಡಕದ ಬಗ್ಗೆ ಒಂದು ಮಾತು. ಅಪ್ಪ ಮೆಟ್ಟಿಲು ಇಳಿಯುವಾಗ ಪದೇ ಪದೇ ಎಡವುತ್ತಿದ್ದರು. ಅವರದು ಮೇಲೆ ದೂರಕ್ಕೆ, ಕೆಳಗೆ ಓದಲಿಕ್ಕೆ ಇರುವ ಗಾಜು. ಕೆಳಗೆ ನೋಡಿದರೆ ಓದುವ ಭಾಗದಿಂದ ನೋಡಿದ ಹಾಗಾಗಿ ಮೆಟ್ಟಿಲು ಮಸುಕಾಗುತ್ತಿತ್ತು. ಹೊರಗೆ ಓಡಾಡಲು ದೂರದ ಗಾಜು ಮಾತ್ರ ಇರುವ ಬೇರೆ ಕನ್ನಡಕ ಮಾಡಿಸಿದೆವು. ಎಡವುವುದು ಬಹಳ ಕಡಿಮೆಯಾಯಿತು.

ಬ್ಯಾಂಕಿನಿಂದ ನಿವೃತ್ತರಾದವರು, 71 ವರ್ಷ:

ದುಡ್ಡಿನ ವಿಷಯ ನಾನು ಹೇಳುತ್ತೇನೆ. ನನಗೇ ಪೆಟ್ಟು ಬಿದ್ದಿದೆ. ಎರಡು ವರ್ಷದ ಹಿಂದೆ ಒಂದು ಫೋನ್ ಬಂತು. ನಿಮ್ಮ ಖಾತೆ ಅಪಾಯದಲ್ಲಿದೆ, ಈ ಆ್ಯಪ್ ಹಾಕಿಕೊಳ್ಳಿ, ಫೋನ್ ಇಡಬೇಡಿ ಅಂದರು. ಇಡೀ ಜನ್ಮ ಬ್ಯಾಂಕಿನಲ್ಲಿ ಕೆಲಸ ಮಾಡಿದವನು, ಆದರೂ ಗಾಬರಿಯಲ್ಲಿ ಹಾಕಿಕೊಂಡೆ. ಆ ಆ್ಯಪ್‌ನಿಂದ ನನ್ನ ಸ್ಕ್ರೀನ್ ಅವರಿಗೆ ಕಾಣುತ್ತಿತ್ತು. ಎಂಟು ತಿಂಗಳ ಖರ್ಚಿನಷ್ಟು ದುಡ್ಡು ಹೋಯಿತು. ನಾಚಿಕೆಯಿಂದ ಮನೆಯವರಿಗೆ ಮೂರು ದಿನ ಹೇಳಲಿಲ್ಲ. ಅದು ಇನ್ನೂ ದೊಡ್ಡ ತಪ್ಪು. ಕೂಡಲೇ ಬ್ಯಾಂಕಿಗೆ ಹೇಳಿದ್ದರೆ ಸ್ವಲ್ಪ ಭಾಗವಾದರೂ ತಡೆಯಬಹುದಿತ್ತೇನೋ.

ಈಗ ಎರಡು ಖಾತೆ ಇಟ್ಟಿದ್ದೇನೆ. ಫೋನಿಗೆ ಸೇರಿಸಿದ ಖಾತೆಯಲ್ಲಿ ಒಂದು ತಿಂಗಳ ಖರ್ಚು ಮಾತ್ರ. ಉಳಿದದ್ದು ಇನ್ನೊಂದರಲ್ಲಿ, ಅದಕ್ಕೆ ಆ್ಯಪ್ ಇಲ್ಲ, ನಾನೇ ಬ್ಯಾಂಕಿಗೆ ಹೋಗಬೇಕು. ಯಾರೇ ಅವಸರ ಮಾಡಿದರೂ ಫೋನ್ ಇಟ್ಟು, ನನ್ನ ಹತ್ತಿರ ಮೊದಲೇ ಬರೆದಿಟ್ಟಿರುವ ನಂಬರಿಗೆ ನಾನೇ ಫೋನ್ ಮಾಡುತ್ತೇನೆ.

ಲೆಕ್ಕ ಹಾಕುವಾಗ ಇವತ್ತಿನ ಖರ್ಚನ್ನೇ ಹಿಡಿಯಬೇಡಿ. ಬೆಲೆ ವರ್ಷಕ್ಕೆ 6 ಶೇಕಡ ಏರಿದರೆ ಸುಮಾರು 12 ವರ್ಷಕ್ಕೆ ಖರ್ಚು ಎರಡರಷ್ಟಾಗುತ್ತದೆ. ಅಂದರೆ ನಿಮಗೆ 78 ಆಗುವ ಹೊತ್ತಿಗೆ. ಬದುಕಿರುವಾಗಲೇ ಮನೆಯನ್ನು ಯಾರ ಹೆಸರಿಗೂ ಮಾಡಬೇಡಿ, ಮಗ ಎಷ್ಟೇ ಒಳ್ಳೆಯವನಾಗಿರಲಿ. ಕೊಡಬೇಕು ಅನ್ನಿಸಿದರೆ ವಿಲ್ ಬರೆಯಿರಿ, ಅದನ್ನು ಬದಲಾಯಿಸಬಹುದು. ಹಳೆಯ ಕಾಗದಗಳಲ್ಲಿ ನಾಮಿನಿ ಯಾರಿದ್ದಾರೆ ಅಂತಲೂ ನೋಡಿ.

ಅತ್ತೆಯ ಜೊತೆ ಇರುವ ಸೊಸೆ:

ಅತ್ತೆ ಒಂದು ದಿನ ಇದ್ದಕ್ಕಿದ್ದಂತೆ ಏನೇನೋ ಮಾತಾಡಲು ಶುರು ಮಾಡಿದರು. ವಯಸ್ಸಾಯಿತು, ಮರೆವು ಅಂದುಕೊಂಡೆವು. ನೋಡಿದರೆ ಮೂತ್ರದ ಸೋಂಕು, ಮೈಯಲ್ಲಿ ನೀರಿನ ಅಂಶವೂ ಕಡಿಮೆಯಾಗಿತ್ತು. ಔಷಧಿ ಕೊಟ್ಟು ವಾರದಲ್ಲಿ ಮೊದಲಿನ ಹಾಗಾದರು. ಒಂದೆರಡು ದಿನದಲ್ಲಿ ಬಂದ ಗೊಂದಲ ವಯಸ್ಸಿನದಲ್ಲ, ಕೂಡಲೇ ಡಾಕ್ಟರ ಹತ್ತಿರ ಹೋಗಬೇಕು. ಬಾಯಾರಿಕೆಯೂ ಈ ವಯಸ್ಸಿನಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ, ಹೊತ್ತು ನೋಡಿಕೊಂಡು ನೀರು ಕುಡಿಯಬೇಕು.

ಒಬ್ಬರೇ ಇದ್ದರೆ ಇದನ್ನು ಗಮನಿಸುವವರು ಬೇಕಲ್ವಾ? ಅದಕ್ಕೆ ದಿನಾ ಬೆಳಗ್ಗೆ ಎಂಟರೊಳಗೆ ಮಗನಿಗೆ ಒಂದು ಮೆಸೇಜ್ ಹಾಕಿ. ಬರಲಿಲ್ಲ ಅಂದರೆ ಅವನು ಫೋನ್ ಮಾಡಲಿ. ನೀವು ಎತ್ತದಿದ್ದರೆ ಪಕ್ಕದ ಮನೆಯವರು ಬಂದು ನೋಡಲಿ. ಅವರ ಹತ್ತಿರ ಒಂದು ಕೀ ಇರಲಿ. ಆಗ ಮಗನಿಗೂ ಸ್ವಲ್ಪ ನೆಮ್ಮದಿ, ಒತ್ತಾಯ ಮಾಡುವುದೂ ಕಡಿಮೆಯಾಗಬಹುದು.

ಪ್ರಶ್ನೆ ಕೇಳಿದವರು, ವಾರದ ನಂತರ:

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ಕುರ್ಚಿಯಿಂದ ಎದ್ದು ನೋಡಿದೆ, 8 ಸಲ ಆಯಿತು. ದಿನಾ ಎರಡು ಹೊತ್ತು ಶುರು ಮಾಡಿದ್ದೇನೆ. ಕಂಬಿ ಹಾಕಿಸಿದೆ, ಕೂತು ಎದ್ದು ಗುರುತು ಹಾಕಿಯೇ. ಕಾಗದ ತೆಗೆದು ನೋಡಿದರೆ ಎರಡು ಕಡೆ ನಾಮಿನಿ ಇನ್ನೂ ನನ್ನ ಯಜಮಾನರೇ. ಅವರು ಹೋಗಿ ಆರು ವರ್ಷವಾಯಿತು. ಅದನ್ನು ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಮುಂದಿನ ತಿಂಗಳು ಬಂದಾಗ ಎರಡು ದಿನ ಜಾಸ್ತಿ ಇರು ಅಂತ ಮಗನಿಗೆ ಹೇಳಿದ್ದೇನೆ. ಕಾಗದಗಳನ್ನು ಅವನ ಜೊತೆ ಕೂತು ನೋಡಬೇಕು. ನೆಲದಿಂದ ಏಳುವುದನ್ನೂ ಅವನ ಎದುರಿಗೇ ಕಲಿಯುತ್ತೇನೆ.